ಅಪ್ಪನಿಗೆ ಕೇಳದ ಸದ್ದು

ಮಹಾರಾಷ್ಟ್ರದ ಸಂಭಾಜಿನಗರದ ನನ್ನ ಮನೆಯ ಕೆಳಗೆ ದಿನಾ ಬೆಳಿಗ್ಗೆ ಹಾಲಿನ ಪಿಕಪ್ ಬಂದು ನಿಲ್ಲುತ್ತದೆ. ಚಳಿಗಾಲದಲ್ಲಿ ಅದನ್ನು ಚಾಲೂ ಮಾಡಿದ ಕೂಡಲೇ ಇಂಜಿನ್ನಿನ ಬೆಲ್ಟು ಒಮ್ಮೆ ಕಿಂಯ್ ಎಂದು ಕೂಗಿ ಸುಮ್ಮನಾಗುತ್ತದೆ. ಉಳಿದವರು ಮಗ್ಗುಲು ಬದಲಿಸಿ ಮಲಗುತ್ತಾರೆ. ನಾನು ಎದ್ದು ಅಡುಗೆಮನೆಗೂ ಬಾಲ್ಕನಿಗೂ ಸುಮ್ಮನೆ ಓಡಾಡುತ್ತೇನೆ. ನಿಮಗೂ ಅಂಥದೊಂದು ಸದ್ದು ಇರಬಹುದು. ನನಗಂತೂ ಆ ಒಂದು ಕೂಗಿಗೆ ನಾಸಿಕ್ ರೋಡಿನ ಎರಡು ಕೋಣೆಯ ಬಾಡಿಗೆ ಮನೆ ಇಡಿಯಾಗಿ ಎದುರು ಬರುತ್ತದೆ. ಅವ್ವ ರೊಟ್ಟಿ ಬಡಿಯುವ ಸಪ್ಪಳ, ರೈಲು ಹೋದಾಗಲೆಲ್ಲ ಕಪಾಟಿನಲ್ಲಿ ನಡುಗುವ ಸ್ಟೀಲಿನ ಲೋಟಗಳು, ಗ್ರೀಸಿನ ವಾಸನೆ ಬಿಡದ ಅಪ್ಪನ ಅಂಗಿ.

ಬೀದರ್ ಕಡೆಯಿಂದ ಬಂದ ಅಪ್ಪ ಸಿನ್ನರಿನ ಕಾರ್ಖಾನೆಯಲ್ಲಿ ತಗಡು ಒತ್ತುವ ಯಂತ್ರಗಳ ಗದ್ದಲದ ನಡುವೆ ಇಪ್ಪತ್ತು ವರ್ಷ ದುಡಿದು, ಆಮೇಲೆ ಹಳೆಯ ಪಿಕಪ್ ಒಂದನ್ನು ಕೊಂಡು ಈರುಳ್ಳಿ ಸಾಗಿಸುತ್ತಿದ್ದ. ಗಾಡಿಯ ರೋಗ ಹಿಡಿಯುವುದರಲ್ಲಿ ಅವನ ಕಿವಿಯನ್ನು ಓಣಿಯೆಲ್ಲ ನಂಬುತ್ತಿತ್ತು. ನನಗೆ ಹನ್ನೊಂದು ವರ್ಷವಿದ್ದಾಗ, ಗಂಗಾಪುರದಲ್ಲಿ ಅತ್ತೆಯ ಮಗಳ ನಿಶ್ಚಿತಾರ್ಥಕ್ಕೆಂದು ಅದೇ ಗಾಡಿಯಲ್ಲಿ ಮೂವರೂ ಹೊರಟೆವು. ಅವ್ವ ಅಪ್ಪನೊಡನೆ ಮಾತು ಬಿಟ್ಟು ನಾಲ್ಕು ದಿನವಾಗಿತ್ತು. ಅವಳು ಬಚ್ಚಲಲ್ಲಿ ಜಾರಿ ಬಿದ್ದು ಮೂರು ಸಲ ಕೂಗಿದರೂ ಹೊರಗೆ ಛಾ ಕುಡಿಯುತ್ತ ಕುಳಿತವನು ಎದ್ದು ಬಂದಿರಲಿಲ್ಲ. "ಕೇಳ್ಸಿಲ್ಲ" ಎಂದಿದ್ದ. ಓಣಿಯ ಕೊನೆಯಲ್ಲಿ ನಿಂತ ಗಾಡಿಯ ದೋಷ ಹೇಳುವವನು ಹಾಗೆಂದರೆ ಯಾರು ನಂಬುತ್ತಾರೆ?

ಸಿನ್ನರ್ ದಾಟುತ್ತಲೇ ಇಂಜಿನ್ನಿನಿಂದ ಕಿರ್ ಕಿರ್ ಎಂಬ ಸದ್ದು ಶುರುವಾಯಿತು. ಅಪ್ಪ ಏನೂ ಆಗದವನಂತೆ ಓಡಿಸುತ್ತಿದ್ದ. "ಪಪ್ಪಾ, ಆವಾಜ್ ಯೇತೋಯ್" ಎಂದೆ, ಸದ್ದು ಬರುತ್ತಿದೆ ಎಂದು. ಆಗ ನನ್ನ ಬಾಯಿಗೆ ಮರಾಠಿಯೇ ಮೊದಲು ಬರುತ್ತಿತ್ತು. ಅವನು ಎದುರಿನ ರಸ್ತೆಯನ್ನೇ ನೋಡುತ್ತಿದ್ದ. ಭುಜ ಅಲುಗಿಸಿ ಗಟ್ಟಿಯಾಗಿ ಹೇಳಿದಾಗ, ಗಿಯರ್ ಕೋಲಿನ ಮೇಲೆ ಅಂಗೈಯಿಟ್ಟು, "ನಡುಕ ಬರ್ಲತ್ತದ, ಖರೆ. ಆವಾಜ್ ಎಲ್ಲದ?" ಎಂದ. ಆದರೂ ಸಮಾಧಾನವಾಗದೆ ಬೇವಿನ ಮರವೊಂದರ ಕೆಳಗೆ ಗಾಡಿ ನಿಲ್ಲಿಸಿ ಬಾನೆಟ್ ಎತ್ತಿದ. ತಿರುಗುತ್ತಿದ್ದ ಬೆಲ್ಟಿನ ಮೇಲೆ ಬಾಟಲಿಯಿಂದ ನೀರು ಹನಿಸಿ ನನ್ನ ಮುಖ ನೋಡಿದ. ಬೆಲ್ಟಿನದೇ ದೋಷವಾದರೆ ನೀರು ಬಿದ್ದೊಡನೆ ಸದ್ದು ಬದಲಾಗಬೇಕು. ಬದಲಾಗಲಿಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ ಒತ್ತಿಕೊಂಡು ತುದಿಯನ್ನು ಒಂದೊಂದು ಕಡೆ ತಾಗಿಸಿದ, ಕಣ್ಣು ಮುಚ್ಚಿದ, ಕಿವಿ ಬದಲಿಸಿದ, ಮತ್ತೆ ಮೊದಲಿನಿಂದ ಶುರುಮಾಡಿದ. ಅವನ ಹಣೆಯ ಮೇಲೆ ಬೆವರು ಒಡೆದಿತ್ತು.

ಕೊನೆಗೆ ನನ್ನ ಜಡೆಯನ್ನು ಅಂಗಿಯ ಕಾಲರಿನೊಳಗೆ ಭದ್ರವಾಗಿ ಸಿಕ್ಕಿಸಿ ಸ್ಕ್ರೂಡ್ರೈವರನ್ನು ನನ್ನ ಕಿವಿಗೆ ಹಿಡಿದ. ತುದಿಯನ್ನು ತಾನೇ ಸರಿಸುತ್ತ ಹೋದ. ಎರಡು ಕಡೆ ಬರೀ ಗುಂಯ್‌ಗುಡುವ ಸದ್ದು. ಬೆಲ್ಟನ್ನು ಬಿಗಿಹಿಡಿಯುವ ಗಾಲಿಯ ಬೋಲ್ಟಿಗೆ ತಾಗಿಸಿದಾಗ ಮಾತ್ರ ಕಿವಿಯೊಳಗೆ ಯಾರೋ ಮರಳು ಅರೆದಂತಾಯಿತು. ಹೌಹಾರಿ ಹಿಂದೆ ಸರಿದೆ. ಅವ್ವನೂ ಇಳಿದು ಬಂದು ಅವನೆದುರು ನಿಂತಿದ್ದಳು.

"ಇಷ್ಟು ದೊಡ್ಡ ಸಪ್ಪಳ, ನಿಮಗ ಕೇಳ್ಸಲ್ಲೇನ್ರಿ?"

ಅಪ್ಪ ಇಂಜಿನ್ ಬಂದ್ ಮಾಡಿ, ಬೆಲ್ಟು ಬಿಚ್ಚಿ, ಆ ಗಾಲಿಯನ್ನು ಬೆರಳಿನಿಂದ ತಿರುಗಿಸಿದ. ಅದು ಓಲಾಡುತ್ತ ತಿರುಗಿತು. ಬೇರಿಂಗ್ ಸವೆದುಹೋಗಿತ್ತು. "ಇನ್ನ ಸ್ವಲ್ಪ ಹೋಗಿದ್ರ ಬೆಲ್ಟ್ ಹರೀತಿತ್ತು, ಸ್ಟೇರಿಂಗ್ ಗಟ್ಟಿ ಆಗ್ತಿತ್ತು" ಎಂದು ಗಾಲಿಗೇ ಹೇಳುವಂತೆ ಹೇಳಿದ. ಆಮೇಲೆ ತಲೆ ಎತ್ತದೆ, "ಕೇಳ್ಸಲ್ಲ. ಸಣ್ಣ ಆವಾಜ್, ದೂರದ ಆವಾಜ್ ಯಾವ್ದೂ ಕೇಳ್ಸಲ್ಲ ಈಗ" ಎಂದ.

"ಮೊನ್ನೆ ನಾ ಕರ್ದಿದ್ದೂ?" ಅವ್ವ ಅವನ ಕಿವಿಯ ಹತ್ತಿರ ಬಾಗಿ ಕೇಳಿದಳು.

"ಅದೂ ಕೇಳ್ಸಿಲ್ಲ."

ಅವ್ವ ಅವನ ಕೈಯ ಗ್ರೀಸನ್ನು ತನ್ನ ಹೊಸ ಸೀರೆಯ ಸೆರಗಿನಿಂದ ಒರೆಸಿದಳು. ಸಿನ್ನರಿಗೆ ಬಸ್ಸು ಹಿಡಿದು ಹೋಗಿ ಅಪ್ಪ ಹೊಸ ಗಾಲಿ ತಂದು ಹಾಕಿ, ನಾವು ಗಂಗಾಪುರ ಮುಟ್ಟುವ ಹೊತ್ತಿಗೆ ನಿಶ್ಚಿತಾರ್ಥದ ಊಟದ ಪಂಕ್ತಿಗಳೆಲ್ಲ ಎದ್ದಿದ್ದವು.

ಅಂದಿನಿಂದ ನಮ್ಮ ಮನೆಯ ದನಿಯೇ ಏರಿತು. ಉಪ್ಪು ಬೇಕೆಂದರೂ ಕೂಗಿ ಹೇಳುತ್ತಿದ್ದೆವು. ಜಗಳವೆಂದುಕೊಂಡು ಪಕ್ಕದ ಮನೆಯಾಕೆ ಬಾಗಿಲಲ್ಲಿ ಇಣುಕಿ ಹೋಗುತ್ತಿದ್ದಳು. ಮರಾಠಿಯಾದರೆ ತುಟಿ ನೋಡಿ ಅಪ್ಪನಿಗೆ ತಿಳಿಯುತ್ತಿರಲಿಲ್ಲ. ನನ್ನ ಕನ್ನಡ ನೆಟ್ಟಗಾದದ್ದು ಆ ವರ್ಷಗಳಲ್ಲೇ. ಓಣಿಯವರು ಗಾಡಿ ತಂದರೆ ಕೇಳುವ ಕೆಲಸ ನನ್ನದು, ಕೈಯಿಟ್ಟು ನಡುಕ ನೋಡುವ ಕೆಲಸ ಅವನದು. ಅವನ ಕೈಯ ಅಂದಾಜು ತಪ್ಪಿದ್ದು ನನಗೆ ನೆನಪಿಲ್ಲ.

ಅಪ್ಪ ತೀರಿಹೋಗಿ ಮೂರು ವರ್ಷವಾಯಿತು. ಪಿಕಪ್ ಯಾರದೋ ಪಾಲಾಯಿತು. ಅವನಿಲ್ಲದ ಮೇಲೂ ನಾನೂ ಅವ್ವನೂ ಬಹಳ ದಿನ ಕೂಗಿಕೊಂಡೇ ಮಾತಾಡುತ್ತಿದ್ದೆವು. ಅದು ಯಾರಿಗಾಗಿ ಎಂದು ಇಬ್ಬರೂ ಕೇಳಿಕೊಳ್ಳಲಿಲ್ಲ. ನಾಸಿಕ್ ರೋಡಿನ ಮನೆ ಖಾಲಿ ಮಾಡುವ ದಿನ, ಪಾತ್ರೆಗಳನ್ನು ಡಬ್ಬಕ್ಕೆ ತುಂಬುತ್ತಿದ್ದ ಅವ್ವ ನನ್ನ ಕಡೆ ತಿರುಗದೆಯೇ ಮೆಲ್ಲಗೆ, "ಛಾ ಕುಡೀತಿ ಏನು?" ಎಂದಳು. ಅಷ್ಟು ಸಣ್ಣ ದನಿಯನ್ನು ಆ ಮನೆಯಲ್ಲಿ ಕೇಳಿ ಎಷ್ಟೋ ವರ್ಷವಾಗಿತ್ತು. ನನಗೆ ಸ್ಪಷ್ಟವಾಗಿ ಕೇಳಿಸಿತು. ಆದರೂ ಹ್ಞೂಂ ಎಂದು ನಾನು ಮಾತ್ರ ಹಳೆಯ ಹಾಗೆ ಕೂಗಿಯೇ ಹೇಳಿದೆ.