ಮೊರ್ವಿದ್ ಹೇಳಿದ ಬಲಗಡೆ

ಮೊರ್ವಿದ್ ಪ್ರಿಚರ್ಡ್ ಒಂದು ದಿನವೂ ದಾರಿ ತಪ್ಪಿದವಳಲ್ಲ. ವೇಲ್ಸ್‌ನ ಉತ್ತರದ ಬೆಟ್ಟಗಳ ನಡುವೆ, ನಾಂಟ್ ಗಾರೆಗ್ ಎಂಬ ಕಲ್ಲುಗಣಿಯ ಊರಲ್ಲಿ ಹುಟ್ಟಿ, ಅಲ್ಲೇ ಮದುವೆಯಾಗಿ, ಅಲ್ಲಿನ ಶಾಲೆಯ ಅಡುಗೆಮನೆಯಲ್ಲಿ ಹತ್ತೊಂಬತ್ತು ವರ್ಷ ಸೌಟು ಹಿಡಿದವಳು. ಎದುರಿಗೆ ನಿಂತವರ ಮುಖ ಕಾಣದಷ್ಟು ಮಂಜು ಕವಿದ ದಿನವೂ ಯಾವ ಗೋಡೆಯ ಕಲ್ಲು ಎಲ್ಲಿ ಕಳಚಿದೆ, ಯಾವ ತಿರುವಿನಲ್ಲಿ ತೊರೆಯ ಸದ್ದು ಜೋರಾಗುತ್ತದೆ ಎಂದು ಅವಳ ಕಾಲಿಗೇ ಗೊತ್ತಿತ್ತು. ದಾರಿ ತಪ್ಪುತ್ತಿದ್ದವರು ಅವಳನ್ನು ದಾರಿ ಕೇಳಿದವರು.

ಎಡ ಯಾವುದು, ಬಲ ಯಾವುದು ಎಂಬುದು ಅವಳಿಗೆ ಹಿಡಿತಕ್ಕೇ ಸಿಗುತ್ತಿರಲಿಲ್ಲ. ಕೈ ಸರಿಯಾದ ಕಡೆಗೇ ಚಾಚುತ್ತಿತ್ತು, ಬಾಯಿ ಮಾತ್ರ ಇನ್ನೊಂದು ಕಡೆ ಹೇಳುತ್ತಿತ್ತು. ಕೈ ನೋಡಿದವರು ಊರು ಸೇರುತ್ತಿದ್ದರು, ಮಾತು ಕೇಳಿದವರು ಗುಡ್ಡ ಹತ್ತುತ್ತಿದ್ದರು. ಒಂದು ಆಗಸ್ಟ್‌ನಲ್ಲಿ ಡೇರೆ ಹೊತ್ತು ಬಂದ ಇಂಗ್ಲಿಷ್ ದಂಪತಿಗಳು ಸರೋವರಕ್ಕೆ ದಾರಿ ಕೇಳಿದರು. ಎರಡನೆಯ ತಿರುವಿನಲ್ಲಿ ಬಲಕ್ಕೆ ಎಂದಳು. ಪಾಪ, ಅವರು ಅವಳ ಮುಖವನ್ನೇ ನೋಡುತ್ತ ಕೇಳಿಸಿಕೊಂಡಿದ್ದರು. ಗಣಿಯ ಕಲ್ಲುಚೂರಿನ ರಾಶಿಯ ಮೇಲೆ ಮಳೆಯಲ್ಲಿ ಡೇರೆ ಹಾಕಿ, ಮಾರನೆಯ ಬೆಳಿಗ್ಗೆ ನೆನೆದ ಕೋಳಿಗಳ ಹಾಗೆ ಇಳಿದು ಬಂದರು. ಅಂದಿನಿಂದ ಊರಲ್ಲಿ ಯಾರಾದರೂ ಬಲಗಡೆ ಎಂದರೆ ಅಂಗಡಿಯವನು ಕೇಳುವುದಿತ್ತು: “ನಮ್ಮ ಬಲವಾ, ಮೊರ್ವಿದ್ ಹೇಳೋ ಬಲವಾ?”

ಒಂದೇ ಹೆಸರಿನವರು ಹತ್ತು ಮಂದಿ ಇರುವ ಊರು ಅದು. ಹಾಲಿನ ಜೋನ್ಸ್, ಅಂಚೆ ಜೋನ್ಸ್ ಎಂದು ಎಲ್ಲರಿಗೂ ಒಂದೊಂದು ಬಾಲ ಇರುತ್ತದೆ. ಇವಳಿಗೆ ಸಿಕ್ಕಿದ್ದು ‘ಎಡ ಮೊರ್ವಿದ್’. ನಮ್ಮಲ್ಲಿ ಎಡವಟ್ಟು ಅನ್ನುವ ಹಾಗೆಯೇ ಅವರ ವೆಲ್ಷ್ ಮಾತಿನಲ್ಲೂ ಎಡ ಎಂದರೆ ಎಡಬಿಡಂಗಿ ಎಂಬ ಅರ್ಥವೂ ಉಂಟು. ಬಲಕ್ಕೂ ದಕ್ಷಿಣಕ್ಕೂ ಅವರಲ್ಲಿ ಇರುವುದು ಒಂದೇ ಶಬ್ದ. ಅದು ಬೇರೆ ಗೊಂದಲ.

ಎಂಟು ವರ್ಷದವಳಿದ್ದಾಗ ಶಾಲೆಯ ಅಂಗಳದ ಕವಾಯತಿನಲ್ಲಿ ಮೇಷ್ಟ್ರು ‘ಬಲಕ್ಕೆ ತಿರುಗು’ ಎಂದಾಗಲೆಲ್ಲ ನಲವತ್ತು ಬೆನ್ನುಗಳ ನಡುವೆ ಒಂದು ಮುಖ ಕಾಣುತ್ತಿತ್ತು. ಮೇಷ್ಟ್ರು ಹೊಡೆಯುತ್ತಿರಲಿಲ್ಲ, ನಗುತ್ತಿದ್ದರು. ಮದುವೆಯ ದಿನ ಪಾದ್ರಿ ಎಡಗೈ ಕೊಡಮ್ಮ ಎಂದಾಗ ಬಲಗೈ ಚಾಚಿದಳು. ಗಾಬರಿಯಲ್ಲಿದ್ದ ವರ ಇದ್ವಾಲ್ ಅದೇ ಕೈಯ ಬೆರಳಿಗೆ ಉಂಗುರ ತೊಡಿಸಿದ. ಆಮೇಲೆ ಸೋಪು ಹಚ್ಚಿ ತೆಗೆಯಬೇಕಾಯಿತು. ಇದ್ವಾಲ್ ಈ ಕಥೆಯನ್ನು ಇಪ್ಪತ್ತಮೂರು ವರ್ಷ, ಊರಿನ ಪ್ರತಿ ಮದುವೆಯಲ್ಲೂ ಹೇಳಿದ. ಮೊರ್ವಿದ್ ಎಲ್ಲರ ಜೊತೆ ನಗುತ್ತಿದ್ದಳು. ನಗದೆ ಇನ್ನೇನು ಮಾಡುವುದು ಎಂದು ಅವಳಿಗೆ ತಿಳಿಯುತ್ತಿರಲಿಲ್ಲ.

ಅವಳಿಗೂ ಒಂದು ಉಪಾಯವಿತ್ತು. ಯಾರಾದರೂ ಎಡ ಬಲ ಎಂದರೆ, ಗಾಳಿಯಲ್ಲಿ ಬೆರಳಾಡಿಸಿ ತನ್ನ ಹೆಸರು ಬರೆಯುವ ಕೈ ಯಾವುದೆಂದು ನೋಡಿಕೊಳ್ಳುವುದು. ಬರೆಯುವ ಕೈ ಬಲ. ಆದರೆ ಅಷ್ಟಕ್ಕೆ ಎರಡು ಉಸಿರಿನ ಹೊತ್ತು ಬೇಕು. ಆಲೂಗಡ್ಡೆ ಬೇಯಿಸುವವಳಿಗೆ ಆ ಹೊತ್ತು ಇರುತ್ತದೆ.

ಸಾವಿರದ ಒಂಬೈನೂರ ಎಪ್ಪತ್ತೊಂದರ ವಸಂತದಲ್ಲಿ ಆ ಹೊತ್ತು ಇಲ್ಲವಾಯಿತು. ಮೊರ್ವಿದ್‌ಳ ಅಡುಗೆಮನೆಯಿಂದ ಕಣಿವೆಯ ಮೇಲಿನ ಇನ್ನೂ ಮೂರು ಪುಟ್ಟ ಶಾಲೆಗಳಿಗೆ ಊಟ ಹೋಗುತ್ತಿತ್ತು. ಮುಚ್ಚಳ ಬಿಗಿದ ಡಬ್ಬಗಳಲ್ಲಿ ಕುರಿಮಾಂಸ, ಆಲೂಗಡ್ಡೆಯ ಬಿಸಿ ಗಸಿ, ಅಕ್ಕಿಯ ಪಾಯಸ, ಶುಕ್ರವಾರ ಮೀನು. ವ್ಯಾನ್ ಓಡಿಸುತ್ತಿದ್ದ ಮುದುಕ ನಿವೃತ್ತನಾದ. ಹೊಸಬನನ್ನು ನೇಮಿಸುವುದಿಲ್ಲವೆಂದು ಜಿಲ್ಲಾ ಕಚೇರಿಯಿಂದ ಕಾಗದ ಬಂತು. ಅಡುಗೆಯವರಲ್ಲೇ ಒಬ್ಬರು ವ್ಯಾನ್ ಕಲಿತರೆ ಸರಿ, ಇಲ್ಲವಾದರೆ ಕ್ರಿಸ್‌ಮಸ್ ಹೊತ್ತಿಗೆ ಅಡುಗೆಮನೆ ಮುಚ್ಚಿ ಪೇಟೆಯಿಂದ ಊಟ ತರಿಸುತ್ತಾರೆ. ಉಳಿದ ಇಬ್ಬರು ಹೆಂಗಸರಲ್ಲಿ ಒಬ್ಬಳಿಗೆ ಕಣ್ಣು ಮಂದ, ಇನ್ನೊಬ್ಬಳು ಬಸುರಿ. ನಲವತ್ತೇಳರ ಮೊರ್ವಿದ್ ಕಾಗದ ಮಡಿಸಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡು, ತಾನೇ ಕಲಿಯುತ್ತೇನೆ ಎಂದಳು.

ಮೊದಲು ಕಲಿಸಲು ಕೂತವನು ಇದ್ವಾಲ್. ಗಣಿಯಲ್ಲಿ ಮೂವತ್ತು ವರ್ಷ ಕಲ್ಲು ಸೀಳಿ ಎದೆಗೆಲ್ಲ ಧೂಳು ತುಂಬಿಕೊಂಡು ಮನೆ ಸೇರಿದ್ದ. ನಾಲ್ಕು ಮೆಟ್ಟಿಲು ಹತ್ತಿದರೆ ಕೂರಬೇಕು. ಕಾರು ಓಡಿಸುವುದನ್ನೂ ಬಿಟ್ಟಿದ್ದ. ಮನೆಯ ಹಳೇ ಮೋರಿಸ್ ಕಾರಿನಲ್ಲಿ ಪಕ್ಕಕ್ಕೆ ಕೂತು ‘ಎಡಕ್ಕೆ, ಎಡಕ್ಕೆ’ ಎಂದು ಕೂಗಿ ಕೂಗಿ ಅವನಿಗೆ ಉಸಿರು ಸಿಕ್ಕಿಕೊಂಡಿತು, ಇಬ್ಬರೂ ಮನೆಗೆ ಮರಳಿದರು. ಎರಡನೆಯ ದಿನವೂ ಹಾಗೇ. ಮೂರನೆಯ ದಿನ ಅವಳು ಪೇಟೆಯ ಹೆವಿನ್‌ನ ಹತ್ತಿರ ಹೋದಳು.

ಹೆವಿನ್ ಹಿಂದೆ ಕುರಿ ಲಾರಿ ಓಡಿಸುತ್ತಿದ್ದವನು, ಈಗ ಕಾರು ಕಲಿಸುತ್ತಿದ್ದ. ಮಾತು ಕಡಿಮೆ. ಅರ್ಧ ಗಂಟೆ ಅವಳ ಪಕ್ಕ ಕೂತವನು ಗಾಡಿ ನಿಲ್ಲಿಸಲು ಹೇಳಿ, ಕಿಟಕಿಯಿಂದಾಚೆ ನೋಡುತ್ತ ಕೇಳಿದ: “ಮಿಸೆಸ್ ಪ್ರಿಚರ್ಡ್, ನೀವು ಕೂತಿರೋದು ಯಾವ ಕಡೆ?”

“ಇದೇ ಕಡೆ,” ಎಂದಳು ಅವಳು.

“ಅದು ನಿಮ್ಮ ಕಡೆ. ಇದು ನನ್ನ ಕಡೆ. ಇನ್ಮೇಲೆ ಈ ಕಾರಲ್ಲಿ ಎಡಾನೂ ಇಲ್ಲ ಬಲಾನೂ ಇಲ್ಲ. ಮುಂದಿನ ತಿರುವಲ್ಲಿ ನನ್ನ ಕಡೆಗೆ ತಿರುಗಿಸಿ.”

ತಿರುಗಿಸಿದಳು. ನೀರು ಕುಡಿದಷ್ಟು ಸಲೀಸಾಗಿ ತಿರುಗಿಸಿದಳು. ಮೂರು ತಿಂಗಳಲ್ಲಿ ಕಲ್ಲುಗೋಡೆಗಳ ನಡುವಿನ ಓಣಿಯಲ್ಲಿ ಕಾಲು ಮೈಲಿ ಹಿಮ್ಮುಖವಾಗಿ ಓಡಿಸುವಷ್ಟು ಪಳಗಿದಳು. ಕುರಿ ಲಾರಿಯ ಕಾಲದಿಂದಲೂ ಇಂಥ ಕೈ ನೋಡಿಲ್ಲ ಎಂದು ಹೆವಿನ್ ತನ್ನ ಹೆಂಡತಿಗೆ ಹೇಳಿದನಂತೆ. ಮೊರ್ವಿದ್‌ಗೆ ಹೇಳಲಿಲ್ಲ.

ಆದರೆ ಪರೀಕ್ಷೆಗೆ ಬರುವವನು ಹೆವಿನ್ ಅಲ್ಲವಲ್ಲ. ಕಾರ್ನಾರ್ವನ್ ಪೇಟೆಯಲ್ಲಿ ಜುಲೈಯಲ್ಲಿ ಮೊದಲ ಪರೀಕ್ಷೆ. ಪರೀಕ್ಷಕ ಇಂಗ್ಲಿಷಿನಲ್ಲಿ ಎಡಕ್ಕೆ ಎಂದ. ಅವಳ ತಲೆಯಲ್ಲಿ ಈಗ ಎರಡಲ್ಲ, ಎರಡು ಭಾಷೆಯ ನಾಲ್ಕು ಮಾತುಗಳು ಒಂದರ ಮೇಲೊಂದು ಬಿದ್ದವು. ನಾಲ್ಕು ರಸ್ತೆ ಸೇರುವಲ್ಲಿ ಗಾಡಿ ನಿಲ್ಲಿಸಿ ತೊಡೆಯ ಮೇಲೆ ಬೆರಳಿನಿಂದ ತನ್ನ ಹೆಸರು ಬರೆಯತೊಡಗಿದಳು. ಹಿಂದಿನಿಂದ ಹಾರ್ನ್ ಕೇಳಿದವು. ಫೇಲ್. ಸೆಪ್ಟೆಂಬರ್‌ನಲ್ಲಿ ಎರಡನೆಯದು. ಈ ಸಲ ಉಂಗುರವಿರುವ ಕೈ ಎಡ ಎಂದು ಗುರುತಿಟ್ಟುಕೊಂಡಿದ್ದಳು. ಉಂಗುರ ನೋಡಲು ಕಣ್ಣು ಕೆಳಗಿಳಿಸಿದ ಕ್ಷಣದಲ್ಲೇ ಸೈಕಲ್ಲಿನವನೊಬ್ಬ ಅಡ್ಡ ಬಂದ. ಪರೀಕ್ಷಕನೇ ಕೈ ಬ್ರೇಕ್ ಎಳೆದ. ಅದೂ ಫೇಲ್.

ಅಕ್ಟೋಬರ್‌ನಲ್ಲಿ ಸುಗ್ಗಿಯ ಪ್ರಾರ್ಥನೆ ಮುಗಿದು ಚಾಪೆಲಿನ ಪಕ್ಕದ ಕೋಣೆಯಲ್ಲಿ ಎಲ್ಲರೂ ಚಹಾ ಕುಡಿಯುತ್ತಿದ್ದರು. ಯಾರೋ ಮೊರ್ವಿದ್‌ಳ ಪರೀಕ್ಷೆಯ ಮಾತೆತ್ತಿದರು. ಇದ್ವಾಲ್ ಬಟ್ಟಲು ಕೆಳಗಿಟ್ಟು, ಮದುವೆಯ ಉಂಗುರದ ಕಥೆ ಶುರುಮಾಡಿದ. ಅದರ ಬಾಲಕ್ಕೆ ಈಗ ಸೈಕಲ್ಲಿನವನನ್ನೂ ಕಟ್ಟಿದ. ಕೋಣೆ ತುಂಬ ನಗು. ಮೊರ್ವಿದ್ ಒಣದ್ರಾಕ್ಷಿಯ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದಳು. ಕೈಯಲ್ಲಿದ್ದ ತುಂಡಿಗೆ ಪೂರ್ತಿಯಾಗಿ ಬೆಣ್ಣೆ ಹಚ್ಚಿ ತಟ್ಟೆಯಲ್ಲಿಟ್ಟು, ಕೋಟು ತೊಟ್ಟು ಹೊರಗೆ ಹೋದಳು.

ಇದ್ವಾಲ್ ಮನೆ ಸೇರುವಾಗ ಏರು ಹತ್ತಿ ಮೂರು ಸಲ ಕೂತೆದ್ದಿದ್ದ. ಅವಳು ಒಲೆಯ ಮುಂದಿದ್ದಳು. ಏನು ಕೋಪವೇ ಎಂದು ಕೇಳಿದ. ಕೋಪವಿಲ್ಲ ಎಂದಳು. ಒಲೆಯ ಮೇಲಿನ ಪಾತ್ರೆ ಇಳಿಸಿ ಅವಳಾಗಿಯೇ ಹೇಳಿದಳು.

“ನೀನು ಮೆಟ್ಟಿಲು ಹತ್ತಿ ಏದುಸಿರು ಬಿಡ್ತೀಯಲ್ಲ, ಅದನ್ನ ನಾನು ಯಾವತ್ತಾದ್ರೂ ನಾಲ್ಕು ಜನರ ಮುಂದೆ ಅಣಕಿಸಿದೀನಾ ಇದ್ವಾಲ್?”

“ಅದು ಕಾಯಿಲೆ ಕಣೆ.”

“ಇದೇನು ಅಂತ ನನಗೆ ಗೊತ್ತಿಲ್ಲ. ನಾನು ಬೇಕು ಅಂತ ಮಾಡ್ತಿಲ್ಲ. ಅಷ್ಟು ಮಾತ್ರ ಗೊತ್ತು.”

ಇದ್ವಾಲ್ ಕುರ್ಚಿ ಎಳೆದು ಕೂತ. ಅವಳು ಎಲ್ಲರ ಜೊತೆ ನಗುತ್ತಿದ್ದಳಲ್ಲ, ಅದನ್ನೇ ಅವನು ಇಷ್ಟು ವರ್ಷ ನಂಬಿಕೊಂಡು ಬಂದಿದ್ದ. ಕ್ಷಮಿಸು ಎನ್ನುವ ಅಭ್ಯಾಸ ಆ ಮನೆಯಲ್ಲಿ ಇರಲಿಲ್ಲ. ಮಾರನೆಯ ಬೆಳಿಗ್ಗೆ ಕಪಾಟಿನಲ್ಲಿ ಸಕ್ಕರೆ ಎಲ್ಲಿದೆ ಎಂದು ಅವಳು ಕೇಳಿದಾಗ ‘ಬಲಕ್ಕೆ’ ಎನ್ನಲು ಬಾಯಿ ತೆರೆದವನು ತಡೆದುಕೊಂಡು, “ಕಿಟಕಿ ಕಡೆಗೆ, ಚಹಾಪುಡಿ ಹಿಂದೆ,” ಎಂದ. ಅಲ್ಲಿಂದಾಚೆಗೆ ಉಂಗುರದ ಕಥೆಯನ್ನು ಅವನ ಬಾಯಲ್ಲಿ ಯಾರೂ ಕೇಳಲಿಲ್ಲ. ಕೇಳಿಕೊಂಡವರಿಗೆ ಮರೆತುಹೋಗಿದೆ ಎನ್ನುತ್ತಿದ್ದ.

ಡಿಸೆಂಬರ್ ಎರಡನೆಯ ವಾರ ಕೊನೆಯ ಪರೀಕ್ಷೆ. ಈ ಸಲದ ಪರೀಕ್ಷಕ ಆಶ್ವರ್ತ್ ಎಂಬ ಇಂಗ್ಲಿಷಿನವನು. ಎತ್ತರದ ಮನುಷ್ಯ, ಮೊಣಕಾಲು ಮಡಿಸಿಕೊಂಡು ಕಷ್ಟದಿಂದ ಮೋರಿಸ್ ಒಳಗೆ ಕೂತ. ಮೊರ್ವಿದ್ ಕೀಲಿ ತಿರುಗಿಸಲಿಲ್ಲ. ಎರಡೂ ಕೈ ಸ್ಟೀರಿಂಗಿನ ಮೇಲಿಟ್ಟು, ಯಾವ ಅಪರಿಚಿತನಿಗೂ ಈವರೆಗೆ ಹೇಳದ ಮಾತನ್ನು ಇಂಗ್ಲಿಷಿನಲ್ಲಿ ಹುಡುಕಿ ಹುಡುಕಿ ಹೇಳಿದಳು.

“ಹೊರಡೋ ಮೊದಲು ಒಂದು ಮಾತು ಸರ್. ನನಗೆ ಎಡ ಬಲ ಗೊತ್ತಾಗಲ್ಲ. ಚಿಕ್ಕಂದಿನಿಂದಲೂ ಹಾಗೇ. ನೀವು ಎಡಕ್ಕೆ ಅಂದ್ರೆ ನಾನು ಬಲಕ್ಕೆ ಹೋಗಿಬಿಡಬಹುದು. ಆದ್ರೆ ಎಲ್ಲಿಗೆ ಹೋದ್ರೂ ಸರಿಯಾಗಿ ಹೋಗ್ತೀನಿ.”

ಆಶ್ವರ್ತ್ ಕೈಲಿದ್ದ ಹಲಗೆಯ ಮೇಲಿನ ಕಾಗದ ಸರಿಮಾಡಿಕೊಂಡ. “ನೀವು ಎಲ್ಲಿಗೆ ಹೋಗ್ತೀರಿ ಅನ್ನೋದಕ್ಕೆ ನಾನು ಗುರುತು ಹಾಕಲ್ಲ, ಮಿಸೆಸ್ ಪ್ರಿಚರ್ಡ್. ಹೇಗೆ ಹೋಗ್ತೀರಿ ಅಂತ ನೋಡೋದಷ್ಟೇ ನನ್ನ ಕೆಲಸ. ಇದನ್ನ ನಿಮಗೆ ಯಾರೂ ಹೇಳಿರಲಿಲ್ವಾ?”

ಯಾರೂ ಹೇಳಿರಲಿಲ್ಲ. ಅವಳು ಯಾರನ್ನೂ ಕೇಳಿಯೂ ಇರಲಿಲ್ಲ.

ಕಚೇರಿಯ ಬಾಗಿಲಲ್ಲೇ ಮೊದಲ ತಪ್ಪು. ಬಲಕ್ಕೆ ಎಂದ. ಅವಳು ಕನ್ನಡಿ ನೋಡಿ, ದೀಪ ಮಿನುಗಿಸಿ, ಹಿಂದಿನ ಗಾಡಿ ಹೋಗಲು ಬಿಟ್ಟು, ಬಹಳ ಅಚ್ಚುಕಟ್ಟಾಗಿ ಎಡಕ್ಕೆ ಹೊರಳಿದಳು. ಆಶ್ವರ್ತ್ ಕಾಗದದ ಮೇಲೆ ಗುರುತು ಹಾಕಲಿಲ್ಲ. ಕೋಟೆಯ ಹತ್ತಿರ ಸರಿಯಾಗಿ ತಿರುಗಿದಳು. ಅದಾದ ಮೇಲೆ ಮತ್ತೆರಡು ಸಲ ತಪ್ಪು. ಆ ಹೊತ್ತಿಗೆ ಪೇಟೆ ಹಿಂದೆ ಬಿತ್ತು, ರಸ್ತೆ ಸಣ್ಣದಾಯಿತು, ಎರಡೂ ಪಕ್ಕ ಕಲ್ಲುಗೋಡೆ ಎದ್ದಿತು. ಒಂದು ಕವಲಿನಲ್ಲಿ ಕೈಮರ ನಿಂತಿತ್ತು. ಅದರ ಇಂಗ್ಲಿಷ್ ಹೆಸರುಗಳ ಮೇಲೆ ವೆಲ್ಷ್ ಭಾಷೆಗಾಗಿ ಹೋರಾಡುತ್ತಿದ್ದ ಕಾಲೇಜು ಹುಡುಗರು ಹಸಿರು ಬಣ್ಣ ಬಳಿದು ಹೋಗಿದ್ದರು. ಆಶ್ವರ್ತ್ ಅದನ್ನು ಓದಲು ಬಗ್ಗಿದ, ಓದಲಾಗದೆ ನೆಟ್ಟಗೆ ಕೂತ.

ಮುಂದೆ ಒಂದು ಮಂದೆ ಕುರಿ ಅಡ್ಡ ಬಂತು. ಮೊರ್ವಿದ್ ಗಾಡಿ ನಿಲ್ಲಿಸಿ, ಬ್ರೇಕ್ ಎಳೆದು, ಕೊನೆಯ ಕುರಿ ದಾಟುವವರೆಗೆ ಸುಮ್ಮನೆ ಕಾದಳು. ಗಾಡಿ ಮತ್ತೆ ಹೊರಟು ನೂರು ಗಜ ಹೋಗುವುದರಲ್ಲಿ ಎದುರಿನಿಂದ ಹಾಲಿನ ಲಾರಿ. ಓಣಿಯಲ್ಲಿ ಇಬ್ಬರಿಗೂ ಜಾಗವಿಲ್ಲ. ಅವಳು ಹಿಂದಕ್ಕೆ ತಿರುಗಿ ನೋಡುತ್ತ, ಆ ಡೊಂಕು ಓಣಿಯಲ್ಲಿ ಒಂದೇ ಓಟಕ್ಕೆ, ಹೊಲದ ಗೇಟೊಂದರ ಬಾಯಿಯವರೆಗೆ ಗಾಡಿಯನ್ನು ಹಿಮ್ಮುಖವಾಗಿ ಒಯ್ದು ಸರಿಸಿ ನಿಲ್ಲಿಸಿದಳು. ಲಾರಿಯವನು ಟೋಪಿ ಮುಟ್ಟಿ ಹೋದ.

ಆಶ್ವರ್ತ್ ಗಡಿಯಾರ ನೋಡಿಕೊಂಡ. ಪೇಟೆಗೆ ವಾಪಸ್ ಹೋಗುವ ದಾರಿ ತನಗೆ ತಿಳಿಯುತ್ತಿಲ್ಲವೆಂದೂ, ಬೇರೆಯವರು ಕಾಯುತ್ತಿದ್ದಾರೆಂದೂ ಸಂಕೋಚದಿಂದ ಹೇಳಿದ.

“ನನಗೆ ತಿಳಿಯುತ್ತೆ ಸರ್,” ಎಂದಳು ಮೊರ್ವಿದ್. “ನೀವು ಸ್ವಲ್ಪ ಹೊತ್ತು ಏನೂ ಹೇಳ್ಬೇಡಿ.”

ಅಲ್ಲಿನ ಚಾಪೆಲೊಂದರ ಪಕ್ಕದ ಇಳಿಜಾರು ಇಳಿದು, ಕಡಲು ಕಂಡ ಕಡೆಗೆ ಹೊರಳಿ, ಹಳೆಯ ಗಿರಣಿಯನ್ನು ಬಳಸಿ, ಹನ್ನೆರಡು ನಿಮಿಷದಲ್ಲಿ ಕಚೇರಿಯ ಮುಂದೆ ತಂದು ನಿಲ್ಲಿಸಿದಳು. ರಸ್ತೆ ನಿಯಮದ ನಾಲ್ಕು ಪ್ರಶ್ನೆ ಕೇಳಿ ಆಶ್ವರ್ತ್ ಕಾಗದಕ್ಕೆ ಸಹಿ ಹಾಕಿದ. ಪಾಸಾಗಿದ್ದೀರಿ ಎಂದ. ಮೊಣಕಾಲು ಬಿಡಿಸಿಕೊಂಡು ಇಳಿಯುವಾಗ, ಈ ಜಿಲ್ಲೆಗೆ ಬಂದು ಆರು ವರ್ಷವಾದರೂ ಆ ಓಣಿಯನ್ನು ನೋಡಿರಲಿಲ್ಲ ಎಂದೂ ಸೇರಿಸಿದ.

ಹೆವಿನ್ ರಸ್ತೆಯಾಚೆ ಕಾಯುತ್ತಿದ್ದ. ದಾಟಿ ಬಂದು, ಅವಳ ಕೈಯಲ್ಲಿದ್ದ ಕಾಗದ ನೋಡಿ, ಮೋರಿಸ್‌ನ ಬಾನೆಟ್ಟಿನ ಮೇಲೆ ಎರಡು ಸಲ ತಟ್ಟಿದ. ಮೊರ್ವಿದ್‌ಗೆ ಅಲ್ಲಿಯವರೆಗೆ ಬರದಿದ್ದ ಅಳು ಆಗ ಬಂತು.

ಕ್ರಿಸ್‌ಮಸ್ ರಜೆ ಕಳೆದ ಮೊದಲ ಸೋಮವಾರದಿಂದ ಅವಳು ವ್ಯಾನ್ ಓಡಿಸಿದಳು. ಹನ್ನೊಂದು ವರ್ಷ ಓಡಿಸಿದಳು. ಹಿಮ ಬಿದ್ದ ಎರಡು ಚಳಿಗಾಲ ಬಿಟ್ಟರೆ ಮೂರೂ ಶಾಲೆಗಳಿಗೆ ಊಟ ಒಂದು ದಿನವೂ ತಣ್ಣಗಾಗಿ ಹೋಗಲಿಲ್ಲ. ಎಡ ಬಲ ಅವಳಿಗೆ ಕೊನೆಯವರೆಗೂ ಬರಲಿಲ್ಲ. ಪ್ರವಾಸಿಗಳು ದಾರಿ ಕೇಳಿದರೆ ಮೊದಲೇ ಹೇಳುತ್ತಿದ್ದಳು: “ನನ್ನ ಮಾತು ಕೇಳ್ಬೇಡಿ, ಕೈ ನೋಡಿ.” ಅದನ್ನು ಹೇಳುವಾಗ ಅವಳ ಮುಖದಲ್ಲಿ ಹಿಂದಿನ ಆ ನಗು ಇರುತ್ತಿರಲಿಲ್ಲ. ಪಾತ್ರೆ ಬಿಸಿ ಇದೆ, ಮುಟ್ಟಬೇಡಿ ಎನ್ನುವ ಹಾಗೆ ಹೇಳುತ್ತಿದ್ದಳು.

ಎಡ ಮೊರ್ವಿದ್ ಎಂಬ ಹೆಸರೂ ಹೋಗಲಿಲ್ಲ. ಆ ಊರಲ್ಲಿ ಅಂಟಿದ ಹೆಸರು ಗೋರಿಯವರೆಗೂ ಬರುತ್ತದೆ.

ಶನಿವಾರಗಳಲ್ಲಿ ಅವಳು ಇದ್ವಾಲ್‌ನನ್ನು ಮೋರಿಸ್‌ನಲ್ಲಿ ಕೂರಿಸಿಕೊಂಡು ಹೊರಡುತ್ತಿದ್ದಳು. ಎರಡು ವರ್ಷದಿಂದ ಮನೆಯ ಸುತ್ತಲಿನ ಬೆಟ್ಟವನ್ನಲ್ಲದೆ ಬೇರೇನನ್ನೂ ನೋಡದವನು, ಮೊದಲ ದಿನ ಎಲ್ಲಿಗೆ ಹೋಗುವುದೆಂದು ಕೇಳಿದ. ಕಡಲಿಗೆ ಎಂದಳು. ದಂಡೆಯಲ್ಲಿ ಗಾಳಿ ಜೋರಾಗಿತ್ತು. ಕಾರಿನ ಗಾಜು ಏರಿಸಿ, ಥರ್ಮಾಸಿನ ಚಹಾ ಇಬ್ಬರೂ ಹಂಚಿಕೊಂಡರು. ಚಹಾ ಮುಗಿಸಿ ಇದ್ವಾಲ್ ಕಂಬಳಿ ಹೊದ್ದು ನಿದ್ದೆ ಹೋದ. ಅವನ ಉಸಿರು ಆ ದಿನ ಸ್ವಲ್ಪ ಹಗುರವಾಗಿತ್ತು. ಅವನು ಏಳುವವರೆಗೆ ಅವಳು ಹೆಣಿಗೆ ಹಿಡಿದು ಕೂತಿದ್ದಳು.