ರೂಬಿ ಆಂಟಿಯ ಮನೆಯಲ್ಲಿ ಅಜ್ಜಿ ಕೂತ ದಿನ

ಮೊನ್ನೆ ಎಂಆರ್‌ಟಿ ರೈಲಿನಲ್ಲಿ ಪಕ್ಕದ ಸೀಟಿನ ಹೆಂಗಸಿನ ಕೂದಲಿನಿಂದ ಕೊಬ್ಬರಿ ಎಣ್ಣೆಗೆ ಬೆಣ್ಣೆ ಕಲಸಿದಂಥ, ತುಸು ಹೊಗೆ ಹಿಡಿದಂಥ ವಾಸನೆ ಬಂತು. ಇಳಿಯಬೇಕಾದ ಸ್ಟೇಷನ್ ದಾಟಿಹೋದರೂ ನಾನು ಏಳಲಿಲ್ಲ. ರೂಬಿ ಆಂಟಿ ಮಗಳ ಕೂದಲಿಗೆ ಹಚ್ಚುತ್ತಿದ್ದ ಎಣ್ಣೆಗೂ ಇದೇ ವಾಸನೆ. ನಾನು ಚಿಕ್ಕವಳಿದ್ದಾಗ ಯಿಶುನ್‌ನಲ್ಲಿ ನಮ್ಮ ಎದುರು ಫ್ಲ್ಯಾಟಿಗೆ ಬಾಡಿಗೆಗೆ ಬಂದ ಅಮೆರಿಕದ ಕಪ್ಪು ಹೆಂಗಸು ಅವರು; ಶಾಲೆಯೊಂದರಲ್ಲಿ ಸಂಗೀತ ಕಲಿಸುತ್ತಿದ್ದರು. ಭಾನುವಾರಗಳಲ್ಲಿ ಕಾರಿಡಾರಿನಲ್ಲಿ ಸ್ಟೂಲ್ ಹಾಕಿಕೊಂಡು, ಏನೋ ಗುನುಗುತ್ತಾ, ಮಗಳಿಗೆ ಎಳೆಎಳೆಯಾಗಿ ಜಡೆ ಹೆಣೆಯುತ್ತಿದ್ದರು. ನಾನು ಹೋಗಿ ಕೂತರೆ ನನಗೂ ಹೆಣೆಯುತ್ತಿದ್ದರು. ಮೈಸೂರಿನಿಂದ ಈ ಪರದೇಶಕ್ಕೆ ಬಂದು ನಮ್ಮ ಜೊತೆಗಿದ್ದ ಅಜ್ಜಿಗೆ ಇದು ಸರಿಬರುತ್ತಿರಲಿಲ್ಲ. "ಅಲ್ಲಿ ಹೋಗಿ ಏನೂ ತಿನ್ಬೇಡ" ಎಂದು ಹೇಳಿ, ವಾರ ವಾರ ನನ್ನ ಮುಖಕ್ಕೆ ಕಡಲೆಹಿಟ್ಟು, ಅರಿಶಿನ ಕಲಸಿ ಉಜ್ಜುತ್ತಿದ್ದಳು. ನಾನು ಮನೆಯಲ್ಲಿ ಎಲ್ಲರಿಗಿಂತ ಕಪ್ಪು.

ಆ ವರ್ಷ ಇಲ್ಲಿನ ಕನ್ನಡ ಸಂಘದ ರಾಜ್ಯೋತ್ಸವದ ನಾಟಕದಲ್ಲಿ ನನಗೆ ಭುವನೇಶ್ವರಿಯ ಪಾತ್ರ ಸಿಕ್ಕಿತ್ತು. ಸ್ನಾನ ಮಾಡುವಾಗಲೂ ಮಾತುಗಳನ್ನು ಒಪ್ಪಿಸುತ್ತಿದ್ದೆ. ಕಾರ್ಯಕ್ರಮ ಹತ್ತಿರ ಬಂದಾಗ ನಾಟಕ ಮಾಡಿಸುತ್ತಿದ್ದ ಆಂಟಿ ನನ್ನ ತಲೆ ಸವರಿ, "ಸ್ಟೇಜ್ ಲೈಟಿಗೆ ಫೇರ್ ಇರೋರು ಚೆನ್ನಾಗಿ ಕಾಣ್ತಾರೆ ಪುಟ್ಟಾ. ನೀನು ಮರ ಆಗು, ಓಕೆನಾ?" ಎಂದು ಕಿರೀಟವನ್ನು ಬೇರೊಬ್ಬಳ ತಲೆಗಿಟ್ಟರು. ಅಲ್ಲೇ ಇದ್ದ ಅಮ್ಮ ಬ್ಯಾಗಿನ ಜಿಪ್ಪನ್ನು ಎಳೆಯುತ್ತಾ, ಬಿಡುತ್ತಾ ನಿಂತಳು. ಆಮೇಲೆ ನಮ್ಮ ಮನೆಯಲ್ಲಿ ಯಾರಿಗೂ ಕೂತಲ್ಲಿ ಕೂರಲಾಗಲಿಲ್ಲ. ಅಮ್ಮ ಒಗೆದ ಬಟ್ಟೆಯನ್ನೇ ಮತ್ತೆ ಒಗೆದಳು. ಅಜ್ಜಿ ಹಿಟ್ಟಿಗೆ ಇನ್ನಷ್ಟು ಅರಿಶಿನ ಸುರಿದಳು. ನನಗೆ ಜ್ವರ ಬಂತು.

ಜ್ವರವೆಂದು ಶಾಲೆಗೆ ಹೋಗದೆ ಮನೆಯಲ್ಲಿದ್ದ ದಿನವೇ ಅಮೆರಿಕದ ಚುನಾವಣೆಯ ಫಲಿತಾಂಶ. ರಜೆ ಹಾಕಿದ್ದ ರೂಬಿ ಆಂಟಿ ಬಾಗಿಲು ತೆರೆದಿಟ್ಟು, ಅಡುಗೆಮನೆಗೂ ಟೀವಿಗೂ ನಡುವೆ ಬೆಳಗಿನಿಂದ ಓಡಾಡುತ್ತಿದ್ದುದು ನಮ್ಮ ಹಾಲಿನಿಂದಲೇ ಕಾಣುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಒಂದು ದೊಡ್ಡ ಕೂಗು ಕೇಳಿತು. ಏನಾಯಿತೋ ಎಂದು ಅಮ್ಮ ಓಡಿದಳು, ಹಿಂದೆಯೇ ನಾನು, ನನ್ನನ್ನು ಹಿಡಿಯಲೆಂದು ಅಜ್ಜಿ. ರೂಬಿ ಆಂಟಿ ನೆಲದ ಮೇಲೆ ಕೂತು, ಗೋಡೆಯಿಂದ ತೆಗೆದ ಫೋಟೋವೊಂದನ್ನು ಎದೆಗೊತ್ತಿಕೊಂಡು ಅಳುತ್ತಿದ್ದರು. ಟೀವಿಯಲ್ಲಿ ಲಕ್ಷಾಂತರ ಜನ ಕುಣಿಯುತ್ತಿದ್ದರು. ಮೊದಲ ಬಾರಿಗೆ ಒಬ್ಬ ಕಪ್ಪು ಮನುಷ್ಯ ಆ ದೇಶದ ಅಧ್ಯಕ್ಷನಾಗಿ ಆರಿಸಿಬಂದಿದ್ದ.

"ಗೆದ್ರೆ ಯಾಕೆ ಅಳ್ತಾಳೆ? ಕೇಳು" ಎಂದಳು ಅಜ್ಜಿ.

ಕೇಳಿದೆ. ಆಂಟಿ ಇಂಗ್ಲಿಷಿನಲ್ಲಿ ತಡೆತಡೆದು ಹೇಳಿದ್ದನ್ನು ನನಗೆ ತಿಳಿದ ಕನ್ನಡದಲ್ಲಿ ಅಜ್ಜಿಗೆ ಹೇಳಿದೆ. ಫೋಟೋದಲ್ಲಿರುವುದು ಅವರ ತಾಯಿ. ಹಿಂದೆ ಅವರ ಊರಿನ ಬಸ್ಸುಗಳಲ್ಲಿ ಬಿಳಿಯರು ಬಂದರೆ ಕಪ್ಪು ಜನ ಎದ್ದು ಸೀಟು ಬಿಡಬೇಕಿತ್ತು. ಬಟ್ಟೆ ಹೊಲಿಯುವ ಒಬ್ಬ ಹೆಂಗಸು ಒಂದು ಸಂಜೆ ಏಳಲಿಲ್ಲ. ಪೊಲೀಸರು ಹಿಡಿದುಕೊಂಡು ಹೋದರು. ಅದಕ್ಕೆ ಊರಿನ ಕಪ್ಪು ಜನರೆಲ್ಲ ಬಸ್ಸು ಹತ್ತುವುದನ್ನೇ ಬಿಟ್ಟರು. ಆಂಟಿಯ ತಾಯಿ ಮನೆಮನೆಯ ಬಟ್ಟೆ ಒಗೆಯಲು ವರ್ಷಕ್ಕೂ ಹೆಚ್ಚು ಕಾಲ ನಡೆದೇ ಹೋದರು, ಕಾಲು ಊದಿದರೂ ಹತ್ತಲಿಲ್ಲ. ಕೊನೆಗೆ ಕಾನೂನೇ ಬದಲಾಯಿತು. "ಇವತ್ತನ್ನ ನೋಡೋಕೆ ಅವರಿಲ್ಲ ಅಂತ ಅಳ್ತಿದಾರೆ ಅಜ್ಜಿ."

ಅಜ್ಜಿ ಫೋಟೋ ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ, ಅದುವರೆಗೆ ಆ ಮನೆಯ ಹೊಸಿಲನ್ನೇ ತುಳಿಯದಿದ್ದವಳು, ಮಂಡಿ ಹಿಡಿದುಕೊಂಡು ರೂಬಿ ಆಂಟಿಯ ಪಕ್ಕ ನೆಲದ ಮೇಲೆ ಕೂತಳು. "ನನ್ನ ನೋಡೋಕೆ ಬಂದೋರೆಲ್ಲಾ ಕಾಫಿ ಕುಡ್ದು, ಹುಡುಗಿ ಕಪ್ಪು ಅಂತ ನನ್ನ ಮುಂದೇನೇ ಹೇಳಿ ಎದ್ದು ಹೋಗ್ತಿದ್ರಮ್ಮ. ನಮ್ಮಪ್ಪ ಅವ್ರಿಗೆ ಕೈ ಮುಗಿದು ಕಳಿಸ್ತಿದ್ರು" ಎಂದಳು. ನನಗಿರಲಿ, ಅಮ್ಮನಿಗೂ ಇದು ಗೊತ್ತಿರಲಿಲ್ಲ. ನಾನು ಅನುವಾದಿಸುವ ಮೊದಲೇ ಆಂಟಿ ಅಜ್ಜಿಯ ಕೈ ಹಿಡಿದುಕೊಂಡಿದ್ದರು.

ಅಜ್ಜಿ ಅಮ್ಮನ ಕಡೆ ತಿರುಗಿದಳು. "ಆ ನಾಟಕದೋಳಿಗೆ ಫೋನ್ ಮಾಡು."

ಅಮ್ಮ ಅಲ್ಲಿಂದಲೇ ಫೋನ್ ಮಾಡಿದಳು. "ಮಾತೆಲ್ಲಾ ಕಲ್ತಿರೋದು ನನ್ನ ಮಗಳು. ಬಣ್ಣಕ್ಕೋಸ್ಕರ ಪಾರ್ಟ್ ಚೇಂಜ್ ಮಾಡಿದ್ರೆ ನಾವು ಬರಲ್ಲ" ಎಂದಳು. ಆ ಕಡೆಯಿಂದ "ಇಷ್ಟು ಚಿಕ್ಕ ವಿಷಯಕ್ಕೆ ಯಾಕೆ ಸೀರಿಯಸ್ ಆಗ್ತೀರಾ" ಎಂದದ್ದು ನನಗೂ ಕೇಳಿಸಿತು. ಪಾತ್ರ ಮರಳಿ ಸಿಗಲಿಲ್ಲ, ನಾವೂ ಹೋಗಲಿಲ್ಲ. ಕಾರ್ಯಕ್ರಮದ ದಿನ ಅಜ್ಜಿ ತನ್ನ ಹಸಿರು ರೇಷ್ಮೆ ಸೀರೆಯನ್ನು ಮಡಿಸಿ ಮಡಿಸಿ ನನಗುಡಿಸಿ, ನಮ್ಮ ಕಟ್ಟಡದ ತಳದ ತೆರೆದ ಜಾಗವಾದ ವಾಯ್ಡ್ ಡೆಕ್‌ನಲ್ಲಿ ನಿಲ್ಲಿಸಿದಳು. ಮುಖಕ್ಕೆ ಏನೂ ಹಚ್ಚಲಿಲ್ಲ. ಅಲ್ಲಿ ಚದುರಂಗ ಆಡುತ್ತಿದ್ದ ಚೀನೀ ಅಂಕಲ್‌ಗಳು ಆಟ ನಿಲ್ಲಿಸಿ ನೋಡಿದರು. ನಾನು ಭುವನೇಶ್ವರಿಯ ಒಂದು ಮಾತನ್ನೂ ಬಿಡದೆ ಹೇಳಿದೆ. ಒಂದಕ್ಷರವೂ ಅರ್ಥವಾಗದ ರೂಬಿ ಆಂಟಿಯೇ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು.

ಕಾಂಟ್ರ್ಯಾಕ್ಟ್ ಮುಗಿದು ಅವರು ಹೊರಟುಹೋದರು. ಆಮೇಲೆ ಅಜ್ಜಿಯೂ ತೀರಿಹೋದಳು. ನಾವು ಜುರಾಂಗ್ ವೆಸ್ಟ್‌ಗೆ ಶಿಫ್ಟ್ ಆದೆವು. ಆಂಟಿಯ ಹೆಸರನ್ನು ಫೋನಿನಲ್ಲಿ ಎಷ್ಟೋ ಸಲ ಹುಡುಕಿದ್ದೇನೆ. ಆ ಹೆಸರಿನವರು ತುಂಬಾ ಜನ. ಮೊನ್ನೆ ರೈಲಿನಿಂದ ಇಳಿದವಳು ಮನೆಗೆ ಹೋಗಲಾಗದೆ ಯಿಶುನ್‌ಗೆ ಹೋದೆ. ಎದುರು ಬದುರಿನ ಎರಡೂ ಬಾಗಿಲುಗಳ ಮುಂದೆ ಗುರುತಿಲ್ಲದ ಮಕ್ಕಳ ಚಪ್ಪಲಿಗಳಿದ್ದವು. ಒಬ್ಬ ಹುಡುಗಿ ಗ್ರಿಲ್ ಹಿಡಿದುಕೊಂಡು, "ಆಂಟಿ, ಯೂ ಲುಕಿಂಗ್ ಫಾರ್ ಹೂ?" ಎಂದು ಕೇಳಿದಳು.

ಹೇಳಲು ಬಾಯಿ ತೆರೆದೆ. ರೂಬಿ ಆಂಟಿಯದೋ ಅಜ್ಜಿಯದೋ, ಯಾರ ಹೆಸರನ್ನು ಮೊದಲು ಹೇಳಲಿ ಎಂದು ತಿಳಿಯಲಿಲ್ಲ.