ಚಕ್ರದ ಹಿಂದಿನ ಕಲ್ಲು

ಚಕ್ರದ ಹಿಂದಿನ ಕಲ್ಲನ್ನು ಮೆಲ್ಲನೆ ಸರಿಸಿದೆ. ಇಳಿಜಾರಿನಲ್ಲಿದ್ದರೂ ಕಾರು ಕದಲಲಿಲ್ಲ. ಚಿಂತಾಮಣಿಯ ನಮ್ಮ ಅಂಗಳದಲ್ಲಿ ಬೆಳಗಿನಿಂದ ಕಾರಿನಡಿ ಮಲಗಿ, ಹ್ಯಾಂಡ್‌ಬ್ರೇಕಿನ ಸಡಿಲ ಕೇಬಲ್ ಬಿಗಿ ಮಾಡಿದ್ದ ಅಪ್ಪ, “ಇನ್ನು ಕಲ್ಲಿನ ಕಾಟ ಇಲ್ಲ ಕಣೇ” ಎಂದು ಅಮ್ಮನತ್ತ ನೋಡಿ ನಕ್ಕರು.

ಅಮ್ಮ ನಗಲಿಲ್ಲ. ಕಾರು ನಿಂತಲ್ಲೆಲ್ಲ ಇಳಿದು ಕಲ್ಲಿಡಲು ಒಬ್ಬರು ಬೇಕೆಂದೇ ಅಪ್ಪ ಅವಳನ್ನು ಊರೂರಿಗೂ ಕರೆದೊಯ್ಯುತ್ತಿದ್ದರು. “ಹಂಗಾದ್ರೆ ಇನ್ಮೇಲೆ ನಾನು ಮನೇಲೇ ಇರ್ಬೇಕು ಅನ್ನಿ” ಎಂದವಳೇ ಕಲ್ಲನ್ನು ಹಿತ್ತಿಲಿಗೆ ಒಯ್ದಿಟ್ಟಳು.

ಮರುದಿನ ಮುರುಗಮಲ್ಲಕ್ಕೆ ಹೊರಡುವಾಗ ಅಪ್ಪ ಆ ಕಲ್ಲನ್ನು ತಾವೇ ತಂದು ಮುಂದಿನ ಸೀಟಿನ ಕೆಳಗಿಟ್ಟು, “ಬೇಗ ಬಾರೇ, ಕಲ್ಲಿಡೋರು ಯಾರು?” ಎಂದು ಕೂಗಿದರು.

ಆ ಹ್ಯಾಂಡ್‌ಬ್ರೇಕ್ ಮತ್ತೆಂದೂ ಕೈಕೊಡಲಿಲ್ಲ. ಆದರೂ ಅಮ್ಮ ಇಳಿದು ಕಲ್ಲಿಡುವವರೆಗೆ ಅಪ್ಪ ಸೀಟು ಬಿಟ್ಟು ಏಳುತ್ತಿರಲಿಲ್ಲ.